ಎದೆಜೇಬಿನ ಅಳತೆ

ಜನವರಿ 8

ಕೋತಿ,

ಕಾಗದ ನೋಡಿ ಎದೆ ಒಡೆದುಕೊಳ್ಳಬೇಡ, ಯಾರಿಗೂ ಏನೂ ಆಗಿಲ್ಲ. ನಾನು ಮೊಬೈಲ್ ಬಿಟ್ಟೆ, ಅಷ್ಟೇ! ಇನ್ನು ಮೇಲೆ ನಮ್ಮಿಬ್ಬರ ಮಾತೆಲ್ಲ ಅಂಚೆಯಲ್ಲಿ. ಹೋಗಲು ನಾಲ್ಕು ದಿನ, ಬರಲು ನಾಲ್ಕು ದಿನ. ನಿನ್ನ ಅಕ್ಷರ ಮುತ್ತು ಪೋಣಿಸಿದ ಹಾಗಿದೆ, ಓದಲು ನನಗೇನೂ ಕಷ್ಟವಿಲ್ಲ.

ನಡೆದದ್ದು ಹೀಗೆ. ನಮ್ಮ ಕಟ್ಟಡದ ತಾರಸಿ ಮೇಲೆ ಟವರ್ ನಿಲ್ಲಿಸಿದ್ದಾರೆ. ಮಾಲೀಕ ನಮ್ಮನ್ನು ಒಂದು ಮಾತು ಕೇಳಲಿಲ್ಲ. ಬೆಳಿಗ್ಗೆ ಕ್ರೇನ್ ಬಂತು, ಸಂಜೆಗೆ ಕಬ್ಬಿಣದ ಕಂಬ ಎದ್ದಿತು, ಕಂಬದ ಸುತ್ತ ಉದ್ದ ದಿಂಬಿನಂಥ ಬಿಳಿ ಪೆಟ್ಟಿಗೆಗಳು. ನಾವಿರುವುದು ಕೊನೆಯ ಮಹಡಿ. ಕಂಬದ ಕಾಲು ಊರಿರುವುದು ಪುಟ್ಟಿ ಮಲಗುವ ಕೋಣೆಯ ನೆತ್ತಿಗೆ ಸರಿಯಾಗಿ. ಬಸುರಿ ಹುಡುಗಿ, ಅವಳಿಗೀಗ ಆರು ತಿಂಗಳು. ಅಳಿಯ ಹಡಗಿನಿಂದ ಇಳಿಯುವುದು ಮೇ ತಿಂಗಳಿಗೆ. ಅಲ್ಲಿಯವರೆಗೆ ಮಗಳೂ ಅವಳ ಹೊಟ್ಟೆಯಲ್ಲಿರುವುದೂ ನನ್ನ ಹೊಣೆ.

ಎರಡನೇ ಮಹಡಿಯ ಗಣಿತದ ಮೇಷ್ಟ್ರು ನನ್ನ ಹೊಲಿಗೆ ಕೋಣೆಯಲ್ಲೇ ಸಭೆ ಸೇರಿಸಿದರು. ಹದಿನೆಂಟು ಜನ. ಕೆಲವರು ಮಿಷನ್ನಿನ ಮೇಲೆ ಕೂತಿದ್ದರು, ನಾನು ಎಬ್ಬಿಸಿದೆ. ಟವರ್ ಬೇಡ ಎಂದು ಎಲ್ಲರೂ ಗಂಟಲು ಹರಿದುಕೊಳ್ಳುತ್ತಿರುವಾಗ ಅವರವರ ಜೇಬಿನಲ್ಲಿ ಮೊಬೈಲು ಒಂದರ ಹಿಂದೊಂದು ಬಡಿದುಕೊಂಡವು. ಮಾಲೀಕ ಬಾಗಿಲಲ್ಲಿ ನಿಂತು ನಕ್ಕ. "ಫೋನ್ ಬೇಕು, ಟವರ್ ಬೇಡ. ಅಡುಗೆ ಬೇಕು, ಒಲೆ ಬೇಡ ಅಂದ ಹಾಗಾಯ್ತು" ಎಂದ. ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯಿತು. ನನ್ನ ಮೊಬೈಲ್ ಆಫ್ ಮಾಡಿ, ಅವನ ಕಣ್ಣೆದುರೇ ಗುಂಡಿ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದೆ. "ತಗೋ, ನನಗೆ ಬೇಡ. ಈಗ ಮಾತಾಡು" ಎಂದೆ. ಅವನು ಹಿಂದೆ ಸರಿದು ಮೆಟ್ಟಿಲಿಳಿದ! ಉಳಿದ ಹದಿನೇಳು ಜನ ಮಾತ್ರ ಅವರವರ ಜೇಬು ಭದ್ರವಾಗಿ ಹಿಡಿದುಕೊಂಡರು.

ನೀನು ಕರೆಂಟ್ ಕೆಲಸದವನು, ನಿನಗೆ ತಿಳಿದಿರಬೇಕು. ಈ ವಿಕಿರಣ ಗೋಡೆ ದಾಟಿ ಬರುತ್ತದೆಯೇ? ಮಗುವಿಗೆ ತಟ್ಟುತ್ತದೆಯೇ? ಸುತ್ತಿ ಬಳಸಿ ಬರೆಯಬೇಡ. ಕಳೆದ ಸಲ ಕಳಿಸಿದ ಅಂಗಿ ಹೆಗಲಲ್ಲಿ ಬಿಗಿ ಎಂದಿದ್ದೆ. ಕೂತು ತಿಂದರೆ ಹಾಗೇ.

ನಿನ್ನ ಅಕ್ಕ


ಜನವರಿ 17

ಅಕ್ಕ,

ನಿನ್ನ ಕಾಗದ ಬಂದ ದಿನ ಕೋಣೆಯಲ್ಲಿ ಎಲ್ಲರೂ ನನ್ನ ಸುತ್ತ ನೆರೆದರು. ಯಾರಪ್ಪಾ ಕಾಗದ ಬರೆಯುವವರು, ಹುಡುಗಿಯೋ ಎಂದರು. ಹುಡುಗಿ ಅಲ್ಲ, ಹುಲಿ ಎಂದೆ.

ನೀನು ಕೇಳಿದ್ದಕ್ಕೆ ಸುತ್ತದೆ ಬಳಸದೆ ಉತ್ತರ. ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರಲ್ಲ, ಈ ಆಂಟೆನಾಗಳೂ ಹಾಗೇ. ಬಿಳಿ ಪೆಟ್ಟಿಗೆ ಟಾರ್ಚಿನ ಹಾಗೆ ತನ್ನ ಮುಖದ ನೇರಕ್ಕೆ, ದೂರಕ್ಕೆ ಎಸೆಯುತ್ತದೆ. ಕೆಳಗೆ ಬೀಳುವುದು ತೀರ ಕಡಿಮೆ. ಮೇಲಾಗಿ ನಡುವೆ ಕಾಂಕ್ರೀಟ್ ಇದೆ. ಪುಟ್ಟಿ ನೆಮ್ಮದಿಯಾಗಿ ಮಲಗಲಿ. ಹೆದರಬೇಕಾದವನು ಕೆಳಗಿರುವವನಲ್ಲ, ಆ ಪೆಟ್ಟಿಗೆಯ ಮುಖಕ್ಕೆ ಮುಖ ಕೊಟ್ಟು ನಿಲ್ಲುವವನು. ಅಲ್ಲಿ ಯಾರು ನಿಲ್ಲುತ್ತಾರೆ ಹೇಳು.

ನನಗೆ ಹೇಗೆ ಗೊತ್ತು ಎಂದರೆ, ಟವರ್ ಕೆಲಸದವನೊಬ್ಬ ಪರಿಚಯ. ಒಳ್ಳೆಯವನು. ನಿನ್ನ ಮೊಬೈಲ್ ಅನ್ನು ಗುಂಡಿ ಡಬ್ಬಿಯಿಂದ ಬಿಡುಗಡೆ ಮಾಡು ತಾಯಿ.

ನಿನ್ನ ತಮ್ಮ


ಜನವರಿ 26

ಕೋತಿ,

ನಿನ್ನ ದೀಪ, ಟಾರ್ಚು ಎಲ್ಲ ಸಭೆಯಲ್ಲಿ ಓದಿದೆ. ಯಾರೂ ನಂಬಲಿಲ್ಲ! ನಂಬುವುದು ಹೇಗೆ? ಇಡೀ ಕಟ್ಟಡಕ್ಕೆ ತಲೆನೋವು. ಮೇಷ್ಟ್ರಿಗೆ ಎಡಗಡೆ, ಅವರ ಹೆಂಡತಿಗೆ ಬಲಗಡೆ. ಕೆಳಮನೆಯ ಗಿಳಿ ಮಾತು ಬಿಟ್ಟಿದೆ. ನನಗೂ ಮಧ್ಯಾಹ್ನ ಸೂಜಿಗೆ ದಾರ ಪೋಣಿಸುವಾಗ ಕಣ್ಣು ಮಂಜಾಗುತ್ತದೆ. ಕನ್ನಡಕ ಬದಲಿಸಿ ನಾಲ್ಕು ವರ್ಷವಾಯಿತು ಎಂದು ಪುಟ್ಟಿ ಹೇಳುತ್ತಾಳೆ, ಅದು ಬೇರೆ ಮಾತು.

ನಾನು ಬ್ಯಾನರ್ ಹೊಲಿದೆ! ಹನ್ನೆರಡು ಮೊಳದ ಕೆಂಪು ಬಟ್ಟೆ, ಬಿಳಿ ಅಕ್ಷರದಲ್ಲಿ "ಟವರ್ ಬೇಡ", ಅಂಚಿಗೆ ಎರಡೆರಡು ಹೊಲಿಗೆ. ಗಾಳಿಗೆ ಹರಿಯಬಾರದು ನೋಡು. ಬೀದಿಗೆಲ್ಲ ಕಾಣುತ್ತದೆ. ಹಣ್ಣಿನಂಗಡಿಯವಳು ನನ್ನನ್ನು "ಲೀಡರಮ್ಮ" ಎಂದು ಕರೆಯುತ್ತಾಳೆ. ಐವತ್ತೆರಡು ವಯಸ್ಸಿನವರೆಗೆ ಕುತ್ತಿಗೆ ಬಗ್ಗಿಸಿ ಹೊಲಿದವಳಿಗೆ ಈಗ ಕುತ್ತಿಗೆ ಎತ್ತಿ ಕೂಗುವುದರಲ್ಲಿ ಎಷ್ಟು ಸುಖವಿದೆ ಗೊತ್ತೇ!

ಆ ಕಂಬ ನಿಲ್ಲಿಸಿದವನನ್ನು ಅಂದು ನೋಡಿದ್ದೆ. ಅಳಿಲಿನ ಹಾಗೆ ಸರಸರ ಹತ್ತಿದ. ನನ್ನ ಮಗಳ ನೆತ್ತಿಯ ಮೇಲೆ ಇದನ್ನು ಹೂಡಿದನಲ್ಲ, ಅವನ ಕೈ ಸೇದಿಹೋಗ ಎಂದು ಶಪಿಸಿದ್ದೇನೆ. ನಿನ್ನ ಆ ಪರಿಚಯದವನ ಸಹವಾಸ ಬಿಡು. ಚಿಕ್ಕವನಿದ್ದಾಗ ನೀರಿನ ಟ್ಯಾಂಕಿನಿಂದ ಬಿದ್ದು ಮೊಣಕೈ ಮುರಿದುಕೊಂಡೆಯಲ್ಲ, ಅವತ್ತು "ಮೇಜಿಗಿಂತ ಎತ್ತರ ಹತ್ತಲ್ಲ" ಎಂದು ನನ್ನ ತಲೆ ಮುಟ್ಟಿ ಆಣೆ ಇಟ್ಟೆ. ಅಮ್ಮ ಹೋದ ಮೇಲೆ ನಿನ್ನ ಕೈಯಿಂದ ನಾನು ಪಡೆದ ಒಂದೇ ಒಂದು ಮಾತು ಅದು. ಉಳಿಸಿಕೊಂಡೆ, ಜಾಣ.

ಮುಂದಿನ ತಿಂಗಳು ಬಾ. ಸಭೆಯಲ್ಲಿ ನಮ್ಮ ಪರವಾಗಿ ಮಾತಾಡು. ನನ್ನ ತಮ್ಮ ಕರೆಂಟಿನವನು ಎಂದು ಎಲ್ಲರಿಗೂ ಸಾರಿಬಿಟ್ಟಿದ್ದೇನೆ.

ನಿನ್ನ ಅಕ್ಕ


ಫೆಬ್ರವರಿ 4

ಅಕ್ಕ,

ಈ ಕಾಗದ ಮೂರು ಸಲ ಹರಿದು ನಾಲ್ಕನೇ ಸಲ ಬರೆಯುತ್ತಿದ್ದೇನೆ.

ಆ ಪರಿಚಯದವನು ನಾನೇ. ಆರು ವರ್ಷದಿಂದ ಟವರ್ ಹತ್ತುತ್ತೇನೆ. ನಿಮ್ಮ ತಾರಸಿಯದು ನಾನು ನಿಲ್ಲಿಸಿದ್ದಲ್ಲ, ಅದು ಬೇರೆ ತಂಡ. ಆದರೆ ಕಂಪನಿ ನಮ್ಮದೇ. ಅಂಗಿ ಹೆಗಲಲ್ಲಿ ಬಿಗಿಯಾದದ್ದು ಕೂತು ತಿಂದಲ್ಲ.

ಆಣೆ ಮುರಿದದ್ದು ತಪ್ಪು. ಹೊಟ್ಟೆಪಾಡು ಎಂದು ಹೇಳಿ ತಪ್ಪಿಸಿಕೊಳ್ಳಬಹುದು, ಆದರೆ ನಿನ್ನ ಹತ್ತಿರ ಸುಳ್ಳು ಸಾಕಾಯಿತು. ನನಗೆ ಹತ್ತುವುದು ಇಷ್ಟ. ಪಟ್ಟಿ ಬಿಗಿದು, ಕೊಕ್ಕೆ ಹಾಕಿ, ಮೆಟ್ಟಿಲು ಮೆಟ್ಟಿಲಾಗಿ ಹೋಗಿ ತುದಿ ಮುಟ್ಟಿದರೆ ಹದ್ದಿನ ಬೆನ್ನು ಕಾಣುತ್ತದೆ, ಅಕ್ಕ! ಕೆಳಗಿರುವವರು ಯಾವತ್ತೂ ಅದರ ಹೊಟ್ಟೆಯನ್ನಷ್ಟೇ ನೋಡಿರುತ್ತಾರೆ. ಮೊದಲ ಸಲ ನೋಡಿದಾಗ ನಿನಗೆ ಹೇಳಬೇಕು ಅನಿಸಿತು, ಹೇಳುವಂತಿರಲಿಲ್ಲ. ಆರು ವರ್ಷದಲ್ಲಿ ನನಗೆ ಅತ್ಯಂತ ಬೇಸರ ತಂದದ್ದು ಅದೇ.

ಶಾಪ ಹಿಂದಕ್ಕೆ ತೆಗೆದುಕೊ. ಆ ಅಳಿಲಿನಂಥವನಿಗೂ ಎಲ್ಲೋ ಒಬ್ಬಳು ಅಕ್ಕ ಇರುತ್ತಾಳೆ.

ನಿನ್ನ ತಮ್ಮ


ಫೆಬ್ರವರಿ 23

ಅಕ್ಕ,

ಹತ್ತೊಂಬತ್ತು ದಿನವಾಯಿತು. ಅಂಚೆಯವನು ನನ್ನನ್ನು ಕಂಡರೆ ತಾನೇ ತಪ್ಪು ಮಾಡಿದವನಂತೆ ದೂರದಿಂದಲೇ ತಲೆ ಅಲ್ಲಾಡಿಸುತ್ತಾನೆ.

ಬೈಯಬೇಕಾದರೆ ಬೈ, ಸುಮ್ಮನಿರಬೇಡ. ನಿನ್ನ ಮೌನ ನನಗೆ ಅಭ್ಯಾಸವಿಲ್ಲ.

ಇದರ ಜೊತೆ ಒಂದು ಸಣ್ಣ ಹಳದಿ ಡಬ್ಬಿ ಇಟ್ಟಿದ್ದೇನೆ. ವಿಕಿರಣ ಮಿತಿ ಮೀರಿದ ಕಡೆ ಕೆಂಪು ದೀಪ ಹತ್ತಿ ಪೀಂ ಎನ್ನುತ್ತದೆ. ನನ್ನ ಮಾತು ನಂಬದಿದ್ದರೆ ಬೇಡ, ಡಬ್ಬಿ ಮಾತು ನಂಬು. ಪುಟ್ಟಿಯ ಕೋಣೆಯಲ್ಲಿ ಹಿಡಿದು ನೋಡು. ನೀನು ಒಂದು ರಾತ್ರಿ ಕಣ್ತುಂಬ ನಿದ್ದೆ ಮಾಡಿದರೆ ಅದೇ ನನಗೆ ಸಾಕು. ಹಿಂಬದಿಯ ಬಿಳಿ ಪಟ್ಟಿ ಕೀಳಬೇಡ, ಡಬ್ಬಿ ಕೆಟ್ಟೀತು. ವಾಪಸ್ ಕಳಿಸುವ ಅವಸರವಿಲ್ಲ. ನಮ್ಮ ಉಗ್ರಾಣದಲ್ಲಿ ಬೇಕಾದಷ್ಟಿವೆ.

ನಿನ್ನ ತಮ್ಮ


ಮಾರ್ಚ್ 3

ಆಣೆ ಮುರಿದವನಿಗೆ,

ನಿನ್ನ ಮೇಲೆ ನನಗೆ ಕೋಪವಿದೆ. ಇದೆ ಎಂದು ಮೊದಲೇ ಬರೆದಿಡುತ್ತೇನೆ, ಮುಂದೆ ಬರೆಯುವುದನ್ನು ಓದಿ ಹೋಯಿತು ಎಂದುಕೊಂಡೀಯ. ಹತ್ತೊಂಬತ್ತು ದಿನ ನಾನು ಬ್ಯಾನರ್ ಮುಂದೆ ನಿಲ್ಲಲಿಲ್ಲ. ಕೂಗಲು ಬಾಯಿ ತೆರೆದರೆ ಕಂಬದ ಮೇಲೆ ನೀನೇ ಕಾಣುತ್ತಿದ್ದೆ.

ಆದರೆ ಡಬ್ಬಿ! ಏನು ಡಬ್ಬಿ ಕಳಿಸಿದ್ದೀಯೋ! ಅಂಚೆಯವನು ಕೊಟ್ಟ ಕೂಡಲೇ ಕತ್ತರಿ ಅಲ್ಲೇ ಬಿಟ್ಟು ಪುಟ್ಟಿಯ ಕೋಣೆಗೆ ಓಡಿದೆ. ಕಿಟಕಿಗೆ ಹಿಡಿದೆ, ಹಾಸಿಗೆಗೆ ಹಿಡಿದೆ, ಸ್ಟೂಲ್ ಹಾಕಿ ಸೂರಿಗೂ ಹಿಡಿದೆ. ತುಟಿಪಿಟಕ್ಕೆನ್ನಲಿಲ್ಲ. ಕೆಟ್ಟಿದೆಯೇನೋ ಎಂದು ನಾಲ್ಕು ಸಲ ಕೊಡವಿದೆ. ಪುಟ್ಟಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಮ್ಮ, ಅದು ಜ್ವರದ ಕಡ್ಡಿ ಅಲ್ಲ" ಎಂದಳು.

ಆಮೇಲೆ ಮನೆಮನೆಗೂ ನಡೆಯಿತು ನನ್ನ ಸವಾರಿ. ಮೇಷ್ಟ್ರ ಮನೆಯಲ್ಲಿ ಮೌನ. ಅವರ ತಲೆನೋವು ಅಲ್ಲೇ ಅರ್ಧ ಇಳಿಯಿತು, ಹೆಂಡತಿಯದು ಪೂರ್ತಿ. ಗಿಳಿಯ ಪಂಜರದ ಹತ್ತಿರ ಹಿಡಿದರೆ ಡಬ್ಬಿಯ ಬದಲು ಗಿಳಿಯೇ "ಪೀಂ" ಎಂದಿತು! ಈಗ ನನ್ನನ್ನು ಡಬ್ಬಿ ಅಕ್ಕ ಎನ್ನುತ್ತಾರೆ. ಪಕ್ಕದ ಬೀದಿಯವರೂ ಕರೆಯುತ್ತಿದ್ದಾರೆ.

ಕೊನೆಗೆ ತಾರಸಿ. ಕಂಬದ ಬುಡದಲ್ಲಿ ಕೂತೆ, ಸದ್ದಿಲ್ಲ. ನೀನು ಹೇಳಿದ ದೀಪದ ಬುಡದ ಕತ್ತಲೆ ನಿಜ, ಒಪ್ಪಿದೆ. ಹಾಗೇ ಬಟ್ಟೆ ಒಣಹಾಕುವ ಹಗ್ಗದ ಕಡೆ ಹೋದೆ ನೋಡು, ಪೀಂ ಪೀಂ ಪೀಂ! ಕೆಂಪು ದೀಪ ಕುಣಿಯಿತು! ಅಲ್ಲೊಂದು ಬಿಳಿ ಪೆಟ್ಟಿಗೆಯನ್ನು ಮೋಟು ಗೋಡೆಗೆ ತಗ್ಗಿಸಿ ಹೂಡಿದ್ದಾರೆ. ಅದರ ಮುಖ, ಬಟ್ಟೆ ಹಾಕುವವರ ಮುಖ ಸರಿಸಮ. ನಡುವೆ ಎರಡು ಹೆಜ್ಜೆ. ದಿನಾ ಬೆಳಿಗ್ಗೆ ಕಟ್ಟಡದ ಹೆಂಗಸರೆಲ್ಲ ಅದರ ಮುಂದೆ ಕೈ ಎತ್ತಿ ನಿಲ್ಲುತ್ತೇವೆ. ಪುಟ್ಟಿಯೂ ಹೋಗುತ್ತಿದ್ದಳು.

ಹೆದರಿ ಒಣಹಾಕಿದ್ದ ಬಟ್ಟೆಯನ್ನೆಲ್ಲ ಎಳೆದುಕೊಂಡು ಕೆಳಗಿಳಿದೆ. ಆದರೆ ಖುಷಿಯೂ ಆಯಿತು, ಸುಳ್ಳೇಕೆ ಹೇಳಲಿ. ಇಷ್ಟು ದಿನ ಇಡೀ ಆಕಾಶವನ್ನು ಬೈಯುತ್ತಿದ್ದೆ, ಈಗ ಬೊಟ್ಟು ಮಾಡಿ ತೋರಿಸಲು ಒಂದು ಜಾಗ ಸಿಕ್ಕಿತು! ಏನು ಮಾಡಬೇಕು, ಬೇಗ ಬರೆ.

ಅಕ್ಕ (ಕೋಪ ಇನ್ನೂ ಇದೆ)


ಮಾರ್ಚ್ 13

ಅಕ್ಕ,

ಶಭಾಷ್. ಹಾಗೆ ತಗ್ಗಿಸಿ ಹೂಡಿದ್ದು ದೊಡ್ಡ ತಪ್ಪು. ಹಗ್ಗ ಇವತ್ತೇ ಬಿಚ್ಚಿ. ಯಾರೂ ಆ ಕಡೆ ಹೋಗಬಾರದು. ಕಂಪನಿಗೂ ವಿಕಿರಣ ಅಳೆಯುವ ಟೆಲಿಕಾಂ ಇಲಾಖೆಗೂ ಅರ್ಜಿ ಹಾಕಿ. ಟವರ್ ಬೇಡ ಎಂದು ಬರೆಯಬೇಡಿ, ಕಸದ ಬುಟ್ಟಿಗೆ ಹೋಗುತ್ತದೆ. ಈ ಪೆಟ್ಟಿಗೆ, ಈ ಎತ್ತರ, ಇಷ್ಟು ಹೆಜ್ಜೆ ಎಂದು ಬರೆಯಿರಿ. ಇಂಜಿನಿಯರ್ ಬಂದು ಅಳೆಯಲೇಬೇಕು.

ಕಾಗದ ಚಿಕ್ಕದು, ಅಕ್ಷರ ಸೊಟ್ಟ. ಕೈಗೆ ಬಿಸಿ ಕಾಫಿ ಚೆಲ್ಲಿಕೊಂಡೆ. ಏನಿಲ್ಲ.

ತಮ್ಮ


ಮಾರ್ಚ್ 22

ಕೋತಿ,

ಬರುತ್ತಿದ್ದಾರೆ! ಮೂವತ್ತನೇ ತಾರೀಖು, ಬೆಳಿಗ್ಗೆ ಏಳು ಗಂಟೆಗೆ! ನೀನು ಹೇಳಿದ ಹಾಗೇ ಬರೆದೆವು. ಎತ್ತರವನ್ನು ನಾನೇ ನನ್ನ ಟೇಪಿನಿಂದ ಅಳೆದೆ. ಹೆಜ್ಜೆ ಎಂದರೆ ಯಾರ ಹೆಜ್ಜೆ ಎಂದು ಮೇಷ್ಟ್ರು ಅರ್ಧ ಗಂಟೆ ವಾದ ಮಾಡಿದರು, ಕೊನೆಗೆ ಅದನ್ನೂ ಟೇಪಿನಲ್ಲೇ ಹಿಡಿದೆವು. ನಾಲ್ಕೇ ದಿನದಲ್ಲಿ ಉತ್ತರ! ಮಾಲೀಕ ಈಗ ನನ್ನನ್ನು ಕಂಡರೆ ಮೆಟ್ಟಿಲಲ್ಲಿ ದಾರಿ ಬಿಡುತ್ತಾನೆ.

ನಿನ್ನ ಅಕ್ಷರಕ್ಕೇನಾಯಿತೋ? ಮುತ್ತು ಹೋಗಿ ಮಂಡಕ್ಕಿ ಆಗಿದೆ. ಒಂದು ಲೋಟ ಕಾಫಿ ನೆಟ್ಟಗೆ ಹಿಡಿಯಲು ಬಾರದವನು ಅಷ್ಟೆತ್ತರದಲ್ಲಿ ಏನು ಹಿಡಿಯುತ್ತೀಯೋ. ಬಸ್ಸಿನಲ್ಲಿ ಕೂತು ಬರೆದಿರಬೇಕು ಎಂದು ಪುಟ್ಟಿ ನಿನ್ನ ಪರ ವಹಿಸಿದಳು. ಅವಳಿಗೆ ದಿನ ಹತ್ತಿರವಾಗುತ್ತಿದೆ. ಮಗು ಒಳಗೇ ಹತ್ತಿ ಇಳಿಯುತ್ತಿದೆ, ಚಿಕ್ಕಜ್ಜನ ಚಾಳಿ.

ಹದ್ದಿನ ಬೆನ್ನು ಯಾವ ಬಣ್ಣ? ಪುಟ್ಟಿ ಕೇಳಿದಳು. ನಾನಲ್ಲ.

ಅಕ್ಕ


ಮಾರ್ಚ್ 30, ಬೆಳಿಗ್ಗೆ

ಕೋತಿ,

ನನ್ನ ಅಕ್ಷರವೂ ಈಗ ಮಂಡಕ್ಕಿ, ಓದಿಕೊ.

ಇಂಜಿನಿಯರಮ್ಮ ಹೇಳಿದ ಹೊತ್ತಿಗೇ ಬಂದಳು. ಕೋಲಿನ ತುದಿಗೆ ಚೆಂಡು ಕಟ್ಟಿದಂಥ ಯಂತ್ರ. ತಾರಸಿಯಲ್ಲಿ ಹಗ್ಗದ ಜಾಗ ಅಳೆದು ನಾಲಿಗೆ ಕಚ್ಚಿಕೊಂಡಳು. ಎರಡಾಳು ಎತ್ತರಕ್ಕೆ ಏರಿಸಬೇಕು, ಸುತ್ತ ಬೇಲಿ ಹಾಕಬೇಕು, ಅಲ್ಲಿಯವರೆಗೆ ಆ ಪೆಟ್ಟಿಗೆ ಬಂದ್ ಎಂದು ನಿಂತಲ್ಲೇ ಬರೆದು ಸಹಿ ಹಾಕಿದಳು. ಪುಟ್ಟಿಯ ಕೋಣೆಯಲ್ಲೂ ಅಳೆದಳು. ಮಿತಿಯ ನೂರರಲ್ಲಿ ಒಂದು ಪಾಲೂ ಇಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಗೆದ್ದೆವು!

ನಾನು ದೊಡ್ಡಸ್ತಿಕೆಯಿಂದ ನಿನ್ನ ಡಬ್ಬಿ ತೆಗೆದು, "ಇದನ್ನೂ ಒಂದು ಸಲ ನೋಡಿ, ಎಲ್ಲ ಕಂಡುಹಿಡಿದಿದ್ದು ಇದೇ" ಎಂದೆ. ಅವಳು ತಿರುಗಿಸಿ ನೋಡಿದಳು.

"ಇದು ಎಲ್ಲಿ ಸಿಕ್ತು ನಿಮಗೆ?"

"ನನ್ನ ತಮ್ಮ ಕಳಿಸ್ದ. ಟವರ್ ಹತ್ತೋ ಕೆಲಸ ಅವನದು."

"ಇದು ಮನೆ ಅಳೆಯೋದಲ್ಲ ಅಮ್ಮ. ಹತ್ತೋರು ಎದೆ ಮೇಲೆ ಹಾಕ್ಕೊಳ್ಳೋದು. ಆಂಟೆನಾ ಆಫ್ ಆಗಿಲ್ಲ ಅಂದ್ರೆ ಕೂಗುತ್ತೆ, ಅವರು ಇಳೀತಾರೆ. ಒಬ್ಬೊಬ್ಬರಿಗೆ ಒಂದೇ ಕೊಡೋದು." ಆಮೇಲೆ ಮೆಲ್ಲಗೆ ಕೇಳಿದಳು. "ಇದು ಇಲ್ಲಿದ್ರೆ, ಅವರು ಈಗ ಏನು ಹಾಕ್ಕೊಂಡು ಹತ್ತುತ್ತಿದ್ದಾರೆ?"

ಬಿಳಿ ಪಟ್ಟಿ ಕಿತ್ತೆ. ಕೆಳಗೆ ನಿನ್ನ ಹೆಸರು, ನಿನ್ನ ಕೆಲಸದ ನಂಬರು.

ಉಗ್ರಾಣದಲ್ಲಿ ಬೇಕಾದಷ್ಟಿವೆ ಎಂದೆಯಲ್ಲೋ ಪಾಪಿ! ಮುಖಕ್ಕೆ ಮುಖ ಕೊಟ್ಟು ಅಲ್ಲಿ ಯಾರು ನಿಲ್ಲುತ್ತಾರೆ ಎಂದೆಯಲ್ಲೋ! ನಾನು ನಿನ್ನ ಎದೆಯ ಮೇಲಿನ ಕಾವಲು ಕಿತ್ತು ತಂದು ಗಿಳಿಗೆ ಹಿಡಿದು ಆಡಿದೆ. ಸೊಟ್ಟ ಅಕ್ಷರ ಕಂಡು ಮಂಡಕ್ಕಿ ಎಂದೆ. ಆ ಕೈಗೆ ಏನಾಗಿದೆ? ಕಾಫಿಯಲ್ಲ ಅದು, ನನಗೆ ಗೊತ್ತು. ಅವನ ಕೈ ಸೇದಿಹೋಗ ಎಂದ ಈ ಬಾಯಿಗೆ ಹುಳ ಬೀಳಲಿ.

ಈ ಕಾಗದ ನಿನಗೆ ತಲುಪಲು ನಾಲ್ಕು ದಿನ. ನೀನು ದಿನಾ ಬೆಳಿಗ್ಗೆ ಹತ್ತುತ್ತೀ. ನನ್ನಿಂದಾಗುವುದಿಲ್ಲ. ಗುಂಡಿ ಡಬ್ಬಿ ಬೋರಲು ಹಾಕಿದ್ದೇನೆ, ನಿನ್ನ ಫೋನ್ ನಂಬರಿರುವುದು ಆ ಮೊಬೈಲಿನಲ್ಲೇ, ಅದನ್ನು ಚಾರ್ಜಿಗೆ ಇಟ್ಟಿದ್ದೇನೆ. ಒಂದು ಗೀಟು ಹತ್ತಿದರೆ ಸಾಕು.


ಏಪ್ರಿಲ್ 2

ಅಕ್ಕ,

ಫೋನಿನಲ್ಲಿ ನಿನ್ನ ಸರದಿಯೇ ಮುಗಿಯಲಿಲ್ಲ, ನನ್ನ ಸರದಿ ಬರಲೂ ಇಲ್ಲ. ಅದಕ್ಕೇ ಕಾಗದ.

ಆಚೆ ಮೊನ್ನೆ ಬೆಳಿಗ್ಗೆ ನಾನು ಕೆಳಗೆ ನಿಂತು ಪಟ್ಟಿ ಬಿಗಿಯುತ್ತಿದ್ದೆ. ಬಲಗೈ ಇನ್ನೂ ಜೋಮು, ಹಲ್ಲಿನಿಂದ ಎಳೆದುಕೊಳ್ಳುತ್ತಿದ್ದೆ. ಜೇಬಿನಲ್ಲಿ ಫೋನ್ ಕುಣಿಯಿತು. ನಿನ್ನ ನಂಬರು! ಮೂರು ತಿಂಗಳ ಮೇಲೆ! ಪುಟ್ಟಿಗೇ ಏನೋ ಆಯಿತು ಎಂದು ಪ್ರಾಣ ಬಾಯಿಗೆ ಬಂತು. ನೀನು ಹಲೋ ಎನ್ನಲಿಲ್ಲ.

"ಹತ್ತಿದ್ಯಾ?"

"ಇಲ್ಲ, ಇನ್ನೂ..."

"ಹತ್ತಬೇಡ. ಫೋನ್ ನಿನ್ನ ಮೇಲಿನೋನಿಗೆ ಕೊಡು."

ನಮ್ಮ ಮೇಸ್ತ್ರಿ ಯಾರಿಗೂ ಹೆದರುವವನಲ್ಲ. ಫೋನನ್ನು ಕಿವಿಯಿಂದ ಒಂದು ಮೊಳ ದೂರ ಹಿಡಿದುಕೊಂಡ. ಆದರೂ ತಂಡದವರೆಲ್ಲ ಕೇಳಿದೆವು. "ಮೇಲಿಂದು ಆಫ್ ಆಗಿದೆ ಅಂತ ನಿಮಗೆ ಯಾರು ಹೇಳಿದ್ರು? ನೀವು ನೋಡಿದ್ರಾ? ನಿಮ್ಮ ಮಗನ್ನ ಹತ್ತಿಸ್ತಿದ್ರಾ?" ಮೇಸ್ತ್ರಿ "ಆಫ್ ಮಾಡ್ಸಿದೀವಿ ಅಮ್ಮ, ಆಫ್ ಮಾಡ್ಸಿದೀವಿ" ಎನ್ನುತ್ತಲೇ, ಇನ್ನೊಂದು ಫೋನಿನಿಂದ ಕಂಟ್ರೋಲ್ ರೂಮಿಗೆ ಹಚ್ಚಿದ. ಅವರು ನೋಡಿ ಹೇಳಿದರು. ಎರಡು ಪೆಟ್ಟಿಗೆ ಆಫ್, ಮೂರನೆಯದು ಆನ್. ನಾನು ಕೆಲಸ ಮಾಡಬೇಕಿದ್ದದ್ದು ಆ ಮೂರನೆಯದರ ಮುಂದೆ.

ನಾಲ್ಕೂ ಜನ ಪಟ್ಟಿ ಬಿಚ್ಚಿ ನೆರಳಲ್ಲಿ ಕೂತೆವು.

ಕೈ ವಿಷಯ. ಮಾರ್ಚ್ ಐದಕ್ಕೆ ಹೀಗೇ ಆಫ್ ಎಂದರು, ಆಗಿರಲಿಲ್ಲ. ಪೆಟ್ಟಿಗೆಗೆ ಅಂಗೈ ಒತ್ತಿ ಬೋಲ್ಟ್ ಬಿಗಿದೆ. ಒಳಗಿನಿಂದ ಬೆಚ್ಚಗಾಯಿತು, ಬಿಸಿಲು ಎಂದುಕೊಂಡೆ. ಸಂಜೆಗೆ ಊದಿಕೊಂಡಿತು, ಬೆರಳು ಮಾತು ಕೇಳಲಿಲ್ಲ. ಎಡಗೈಯಲ್ಲಿ ನಿನಗೆ ಬರೆದೆ. ವಾಸಿಯಾಗುತ್ತದೆ ಎಂದು ಡಾಕ್ಟರು ಹೇಳಿದ್ದಾರೆ, ಆಗುತ್ತಲೂ ಇದೆ, ಆಣೆ. ನನ್ನ ಆಣೆಗೆ ಈಗ ಬೆಲೆಯಿಲ್ಲ, ಗೊತ್ತು. ಹೊಸ ಡಬ್ಬಿ ಕೇಳಿದರೆ ಹಳೆಯದೆಲ್ಲಿ ಎನ್ನುತ್ತಾರೆ ಎಂದು ಸುಮ್ಮನಿದ್ದೆ.

ನಿನ್ನ ಶಾಪದಿಂದಲ್ಲ ಅಕ್ಕ. ನೀನು ಹತ್ತೊಂಬತ್ತು ದಿನ ಬರೆಯದೆ ಇದ್ದದ್ದು ನನಗೆ ತಡೆಯಲಾಗಲಿಲ್ಲ, ಕೈಗೆ ಸಿಕ್ಕಿದ್ದನ್ನು ಕಳಿಸಿದೆ. ಅಷ್ಟೇ.

ಒಂದು ಮಾತು. ನಿನ್ನ ಆ ಫೋನು ಬಂದದ್ದು ನಿಮ್ಮ ತಾರಸಿಯ ಟವರಿನಿಂದಲೇ.

ತಮ್ಮ


ಏಪ್ರಿಲ್ 9

ನನ್ನ ಕೋತಿಗೆ,

ಟವರಿನ ಮಾತು ಓದಿ ಮೇಷ್ಟ್ರು ನಕ್ಕರು, ನಾನು ನಗಲಿಲ್ಲ. ಆಮೇಲೆ ಒಳಗೆ ಹೋಗಿ ನಕ್ಕೆ, ಆಮೇಲೆ ಅತ್ತೆ.

ಈ ಗಂಟಿನಲ್ಲಿ ಒಂದು ತೋಳಿಲ್ಲದ ಜಾಕೆಟ್ ಇದೆ. ನಮ್ಮ ಬ್ಯಾನರಿನ ಕೆಂಪು ಬಟ್ಟೆಯೇ. ಬ್ಯಾನರಿನ ಕೆಲಸ ಮುಗಿಯಿತು, ಆ ಪೆಟ್ಟಿಗೆ ಮೇಲೇರಿ ಬೇಲಿಯೂ ಬಂತು. ಒಳಗೆ ಎರಡು ಪದರ ಕೊಟ್ಟಿದ್ದೇನೆ, ಹೆಗಲಲ್ಲಿ ಧಾರಾಳವಾಗಿ ಬಿಟ್ಟಿದ್ದೇನೆ. ಈಗ ಗೊತ್ತಲ್ಲ ನನಗೆ, ಯಾತಕ್ಕೆ ಬಿಗಿ ಎಂದು. ಎಡ ಎದೆಗೆ ಒಂದು ಜೇಬು. ಡಬ್ಬಿಯನ್ನು ಬಟ್ಟೆಯ ಮೇಲಿಟ್ಟು ಸುಣ್ಣದ ಗೀಟು ಎಳೆದು ಕತ್ತರಿಸಿದ್ದು, ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಬಾಯಿಗೆ ಗುಂಡಿ ಇಲ್ಲ, ಮೂರು ಸುತ್ತು ಹೊಲಿಗೆ ಹಾಕಿ ಡಬ್ಬಿಯನ್ನು ಒಳಗೇ ಬಂಧಿಸಿದ್ದೇನೆ. ಬ್ಯಾಟರಿ ಹಾಕಲು ಹಿಂದೆ ಒಂದು ಕಿಂಡಿ ಇದೆ, ಅಷ್ಟೇ. ಇನ್ನು ನೀನು ಅದನ್ನು ಯಾರಿಗೂ ಕಳಿಸುವ ಹಾಗಿಲ್ಲ, ನಾನು ಕೋಪ ಮಾಡಿಕೊಂಡರೂ!

ಹತ್ತಬೇಡ ಎಂದು ಹೇಳುವುದಿಲ್ಲ. ಹೇಳಬೇಕು ಎಂದು ಬಾಯಿ ತುದಿಯವರೆಗೆ ಬಂದಿದೆ, ನುಂಗಿಕೊಂಡೆ. ಅದು ಕೂಗಿದರೆ ಇಳಿ. ಹಳೆಯ ಆಣೆ ಬಿಟ್ಟೆ, ಇದು ಹೊಸದು.

ನಿನ್ನೆ ಬೆಳಿಗ್ಗೆ ಪುಟ್ಟಿಗೆ ಹೆಣ್ಣುಮಗುವಾಯಿತು! ತಾಯಿ ಮಗು ಕಲ್ಲುಗುಂಡಿನ ಹಾಗಿದ್ದಾರೆ. ಮಲಗಿಸಿದರೆ ಅಳುತ್ತದೆ, ಎತ್ತಿಕೊಂಡು ನಿಂತರೆ ಸುಮ್ಮನಾಗುತ್ತದೆ. ಎತ್ತರ ಬೇಕಂತೆ.

ಅಕ್ಕ


ಏಪ್ರಿಲ್ 20

ಅಕ್ಕ,

ಚಿಕ್ಕಜ್ಜ ಆದೆನಲ್ಲ! ಮೇಸ್ತ್ರಿಯನ್ನೂ ಸೇರಿಸಿ ಎಲ್ಲರಿಗೂ ಹೇಳಿ ಆಯಿತು. ರಜೆ ಸಿಕ್ಕಿದೆ, ಮೇ ಮೊದಲ ವಾರ ಬರುತ್ತೇನೆ. ಪುಟ್ಟಿಗೆ ಹೇಳು, ಹದ್ದಿನ ಬೆನ್ನು ಕಂದು. ಬಿಸಿಲಿಗೆ ತಿರುಗಿದಾಗ ತಾಮ್ರದ ಪಾತ್ರೆ ಬೆಳಗಿದ ಹಾಗೆ.

ಜಾಕೆಟ್ ಇವತ್ತು ಬೆಳಿಗ್ಗೆ ಹಾಕಿಕೊಂಡೆ. ಹೆಗಲು ಸರಿ, ಎದೆ ಸರಿ. ಕೆಂಪು ಬಟ್ಟೆಯ ಒಳಮಗ್ಗುಲಲ್ಲಿ ನಿಮ್ಮ ಬ್ಯಾನರಿನ ಬಿಳಿ ಅಕ್ಷರ ಹಾಗೇ ಇದೆ. "ಬೇಡ" ಎನ್ನುವುದು ಸರಿಯಾಗಿ ನನ್ನ ಬೆನ್ನಿಗೆ ಒತ್ತಿಕೊಂಡಿದೆ. ತಂಡದವರು ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ನಕ್ಕವರೇ ಆಮೇಲೆ ಒಬ್ಬೊಬ್ಬರಾಗಿ ಬಂದು, ನಿಮ್ಮಕ್ಕ ನಮಗೂ ಹೊಲಿದು ಕೊಡುತ್ತಾರಾ ಎಂದು ಕೇಳಿದರು. ಮೂವರ ಎದೆ ಅಳತೆ ಕೆಳಗೆ ಬರೆದಿದ್ದೇನೆ. ಕೆಟ್ಟು ಕೂತಿದ್ದ ಅವರ ಡಬ್ಬಿಗಳನ್ನು ಮೇಸ್ತ್ರಿ ರಿಪೇರಿ ಮಾಡಿಸಿದ್ದಾನೆ.

ಎಂಟೂವರೆಗೆ ಹತ್ತತೊಡಗಿದೆ. ಎಲ್ಲ ಆಫ್ ಆಗಿದೆ ಎಂದು ಕಂಟ್ರೋಲ್ ರೂಮಿನವರು ಎರಡು ಸಲ ಹೇಳಿದ್ದರು. ಗಾಳಿ ಚೆನ್ನಾಗಿತ್ತು, ಬಲಗೈ ಹಿಡಿತ ಹಿಂದಿನಂತೇ ಇತ್ತು, ಹಾಡು ಗುನುಗುತ್ತಿದ್ದೆ. ಇನ್ನೇನು ಎಂಟು ಮೆಟ್ಟಿಲು ಇದ್ದಾಗ ಎದೆಯ ಮೇಲೆ ಪೀಂ ಎಂದಿತು.

ಮೇಲೆ ನೋಡಿದೆ. ಹದ್ದು ಆಗಲೇ ಸುತ್ತುತ್ತಿತ್ತು, ಇನ್ನು ನಾಲ್ಕು ಮೆಟ್ಟಿಲು ಹತ್ತಿದ್ದರೆ ಬೆನ್ನು ಕಾಣುತ್ತಿತ್ತು. ಮೊದಲಾಗಿದ್ದರೆ ಹತ್ತಿಬಿಡುತ್ತಿದ್ದೆ.

ಇಳಿದೆ.

ಈಗ ಕೆಳಗೆ ನೆರಳಲ್ಲಿ ಕೂತು, ಯಾವ ಪೆಟ್ಟಿಗೆ ಆನ್ ಉಳಿದಿದೆ ಎಂದು ಅವರು ಹುಡುಕುತ್ತಿರುವಾಗ, ನಿನಗೆ ಬರೆಯುತ್ತಿದ್ದೇನೆ. ಬಲಗೈಯಲ್ಲಿ. ಅಕ್ಷರ ನೋಡಿ ಹೇಳು.

ನಿನ್ನ ಕೋತಿ